ಅಣ್ಣನ ಹತ್ತಿರ ಇಟ್ಟಿದ್ದ ದುಡ್ಡು ಜಗಳದ ನಂತರ ವಾಪಸ್ ಬಂದಿದ್ದು ಹೇಗೆ

ನನ್ನ ಉಳಿತಾಯದ ದೊಡ್ಡ ಪಾಲು ಕೆಲವು ವರ್ಷ ಅಣ್ಣನ ಖಾತೆಯಲ್ಲಿತ್ತು. ಸಾಲ ಕೊಟ್ಟಿದ್ದಲ್ಲ. ನನ್ನ ಕೈಲಿದ್ದರೆ ಖರ್ಚಾಗುತ್ತೆ, ನಿನ್ನ ಹತ್ರ ಇರಲಿ, ಬೇಕಾದಾಗ ಕೇಳ್ತೀನಿ ಅಂತ ಕಳಿಸುತ್ತಿದ್ದೆ. ಆಮೇಲೆ ಬೇರೆ ಯಾವುದೋ ವಿಷಯಕ್ಕೆ ನಮ್ಮಿಬ್ಬರಿಗೂ ಮನಸ್ತಾಪವಾಯಿತು. ಅದು ಇಲ್ಲಿ ಬೇಡ. ಮಾತು ನಿಂತಿತು, ದುಡ್ಡು ಅಲ್ಲೇ ಉಳಿಯಿತು.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಹೇಳುವುದು ಪೊಲೀಸ್ ಕಂಪ್ಲೇಂಟ್ ಕೊಡು ಅಂತ. ನಂಬಿ ಒಪ್ಪಿಸಿದ ಹಣವನ್ನು ನುಂಗಿದರೆ ಅದು ಅಪರಾಧ ಹೌದು, ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್. ಆದರೆ ವಾಪಸ್ ಕೊಡಲಿಲ್ಲ ಅನ್ನುವುದಷ್ಟೇ ಸಾಲದು. ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಅಣ್ಣ ಸಿಟ್ಟು ಮಾಡಿಕೊಂಡು ಕೂತಿದ್ದ, ಅಷ್ಟೆ. ನನಗೆ ಬೇಕಾಗಿದ್ದು ದುಡ್ಡು, ಅವನ ಮೇಲೊಂದು ಕೇಸಲ್ಲ. ಆ ದಾರಿ ಬಿಟ್ಟೆ.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. ಅವನ ಖಾತೆಗೆ ಹೋದ ಸಾಲುಗಳಿಗೆಲ್ಲ ಗುರುತು ಹಾಕಿದೆ. ಕೈಯಲ್ಲಿ ಕೊಟ್ಟಿದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಅದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ. ಎರಡನ್ನೂ ಕಲಸಿದರೆ ಗಟ್ಟಿ ಲೆಕ್ಕವೂ ಸಡಿಲವಾಗಿ ಕಾಣುತ್ತದೆ. ಆಮೇಲೆ ಹಳೇ ವಾಟ್ಸಾಪ್ ಹುಡುಕುತ್ತಾ ಕೂತೆ. ಒಂದು ಕಡೆ ಅವನೇ ಬರೆದಿದ್ದ: 'ಬಂತು. ಎಲ್ಲಾ ಒಟ್ಟಿಗೆ ಇಟ್ಟಿರ್ತೀನಿ, ಬೇಕಾದಾಗ ಹೇಳು.'

ಆ ಒಂದು ಸಾಲು ನೋಡಿ ವಕೀಲರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. 1963ರ ಲಿಮಿಟೇಶನ್ ಕಾಯ್ದೆ ಪ್ರಕಾರ, ವಾಯಿದೆ ಹಾಕದೆ ಕೊಟ್ಟ ಸಾಲಕ್ಕೆ, ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಕೇಳಿದಾಗ ಕೊಡುತ್ತೇನೆ ಅಂತ ಒಪ್ಪಿ ಇಟ್ಟುಕೊಂಡ ಠೇವಣಿಗೆ ಹಾಗಲ್ಲ. ಅಲ್ಲಿ ಮೂರು ವರ್ಷದ ಲೆಕ್ಕ ಶುರುವಾಗುವುದು ವಾಪಸ್ ಕೇಳಿದ ದಿನದಿಂದ. ನಾನು ಕಳಿಸಿದ್ದರಲ್ಲಿ ಅರ್ಧದಷ್ಟು ಮೂರು ವರ್ಷಕ್ಕಿಂತ ಹಳೆಯದು. ಸಾಲ ಅಂತಾಗಿದ್ದರೆ ಅಷ್ಟಕ್ಕೂ ಎಳ್ಳುನೀರು ಬಿಡಬೇಕಿತ್ತು. 'ಎಲ್ಲೂ ಸಾಲ ಅಂತ ಬರೀಬೇಡಿ. ಕೇಳಿದ ತಾರೀಖು ಗುರುತಿಟ್ಟುಕೊಳ್ಳಿ. ಫೋನ್ ಬದಲಾಯಿಸಬೇಡಿ' ಅಂದರು.

ಅಣ್ಣನಿಗೆ ಕಳಿಸಿದ ಮೆಸೇಜನ್ನು ಎಷ್ಟೋ ಸಲ ಅಳಿಸಿ ಬರೆದೆ. ಜಗಳದ ಮಾತು ಪದೇ ಪದೇ ನುಸುಳುತ್ತಿತ್ತು. ಕೊನೆಗೆ ಉಳಿದಿದ್ದು ಇಷ್ಟು: 'ಅಣ್ಣಾ, ನಿನ್ನ ಹತ್ರ ಇಟ್ಟುಕೋ ಅಂತ ಕಳಿಸಿದ್ದ ಹಣದ ಪಟ್ಟಿ ಇದರ ಜೊತೆ ಇದೆ. ನನಗೀಗ ಬೇಕಾಗಿದೆ. ಒಂದೇ ಸಲ ಕಷ್ಟ ಆದ್ರೆ ಕಂತಲ್ಲಿ ಕೊಡು. ಬೇರೆ ವಿಷಯ ಬೇರೆ ಮಾತಾಡೋಣ.' ಮನೆಯವರ ಗ್ರೂಪಿಗೆ ಹಾಕಲಿಲ್ಲ. ನಾಲ್ಕು ಜನರ ಮುಂದೆ ಮಾನ ಹೋದಮೇಲೆ ಯಾರೂ ದುಡ್ಡು ಕೊಡುವ ಮನಸ್ಸು ಮಾಡಲ್ಲ.

ಉತ್ತರ ಬಂತು. 'ದುಡ್ಡು ಎಲ್ಲೂ ಓಡಿಹೋಗಲ್ಲ. ನೀನು ಅವತ್ತು ಅತ್ತಿಗೆಗೆ ಅಂದಿದ್ದಕ್ಕೆ ಮೊದಲು ಕ್ಷಮೆ ಕೇಳು. ನಿನಗೆ ನಾನು ಮಾಡಿದ ಖರ್ಚು ಯಾರು ಕೊಡ್ತಾರೆ?' ಓದಿ ಮೈ ಉರಿಯಿತು. ವಕೀಲರಿಗೆ ಮಾತ್ರ ಖುಷಿ. ದುಡ್ಡು ಇದೆ ಅಂತ ಒಪ್ಪಿಕೊಂಡಿದ್ದಾನಲ್ಲ! ಕೊಡಲ್ಲ ಅಂತಲೋ, ನನಗೂ ಬರಬೇಕಾದ್ದಿದೆ ಅಂತಲೋ ಸೇರಿಸಿದ್ದರೂ ಒಪ್ಪಿಗೆ ಒಪ್ಪಿಗೆಯೇ ಅಂತೆ. ಅದು ಗಡುವಿನೊಳಗೆ, ಸಹಿಯಿರುವ ಕಾಗದದಲ್ಲಿ ಸಿಕ್ಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ಮೆಸೇಜೊಂದನ್ನೇ ನೆಚ್ಚಿಕೊಂಡು ಕೂರಬೇಡಿ, ಸಹಿ ಹಾಕಿಸಿ ಅಂದರು.

ಸಹಿಗಾಗಿ ಚಿಕ್ಕಪ್ಪನ ಹತ್ತಿರ ಹೋದೆ. ಇಬ್ಬರಿಗೂ ಬೈಯುವ ಸಲಿಗೆ ಇದ್ದಿದ್ದು ಅವರೊಬ್ಬರಿಗೇ. ನ್ಯಾಯ ಹೇಳಿ ಅಂತ ಕೇಳಲಿಲ್ಲ. ಅವನ ಲೆಕ್ಕ ಏನಿದೆಯೋ ಬರೆಸಿಕೊಂಡು ಬನ್ನಿ ಅಂದೆ. ಅವನ ಪಟ್ಟಿ ಬಂತು. ನನ್ನ ಆಸ್ಪತ್ರೆ ಬಿಲ್ ಅವನು ಕಟ್ಟಿದ್ದು ನಿಜ, ಒಪ್ಪಿಕೊಂಡೆ. ಇನ್ನು ಕೆಲವು ಆ ಕಾಲಕ್ಕೆ ಉಡುಗೊರೆ ಅಂತ ಕೊಟ್ಟು ಈಗ ಖರ್ಚು ಅಂತ ಬರೆದವು. ಒಂದೆರಡನ್ನು ಬಿಟ್ಟುಕೊಟ್ಟೆ, ಉಳಿದಿದ್ದಕ್ಕೆ ಒಪ್ಪಲಿಲ್ಲ. ನಾನು ಕೈಯಲ್ಲಿ ಕೊಟ್ಟ ದುಡ್ಡಿನ ಹಾಳೆಯನ್ನೂ ಮುಂದಿಟ್ಟೆ. ಅದರಲ್ಲಿ ಸುಮಾರು ಅವನೇ ನೆನಪಿದೆ ಅಂದ. ಅಷ್ಟು ನಿರೀಕ್ಷೆ ನನಗಿರಲಿಲ್ಲ. ತಳ್ಳಿ ಕೂಡಿ ಒಂದು ಮೊತ್ತಕ್ಕೆ ಬಂದು ನಿಂತೆವು. ಅವನು ಸಹಿ ಹಾಕಿದ, ಚಿಕ್ಕಪ್ಪ ಸಾಕ್ಷಿ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಕಂತು ತಪ್ಪಿದರೆ ಮತ್ತೆ ಮೊದಲಿನಿಂದ ದಾವೆ ಹಾಕಬೇಕಾಗುತ್ತೆ ಅಲ್ವಾ? ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಇದೇ ರಾಜಿಯನ್ನು ಲೋಕ ಅದಾಲತ್‌ನಲ್ಲಿ ದಾಖಲು ಮಾಡಿಸಿದೆವು. ಕೋರ್ಟಿಗೆ ಹೋಗುವ ಮುಂಚಿನ ಜಗಳಗಳನ್ನೂ ಅಲ್ಲಿ ತಗೋತಾರೆ, ಶುಲ್ಕ ಇಲ್ಲ. ಅಲ್ಲಿನ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ಅಂತಿಮ ತೀರ್ಪಿನ ಆದೇಶಕ್ಕೆ ಸಮ, ಅದರ ಮೇಲೆ ಅಪೀಲಿಲ್ಲ. ಕೊಡದಿದ್ದರೆ ನೇರ ಅಮಲ್ಜಾರಿ ಅರ್ಜಿ, ಅಂದರೆ ಆ ಆದೇಶವನ್ನು ಜಾರಿ ಮಾಡಿಸಿ ಅಂತ ಕೋರ್ಟಿಗೆ ಕೇಳುವುದು. 'ಕೋರ್ಟಿಗೆ ಎಳೀತಿದ್ದೀಯಾ?' ಅಂತ ಅಣ್ಣ ರೇಗಿದ. ಮುಂದೆ ನಾನೂ ಜಾಸ್ತಿ ಕೇಳೋಕಾಗಲ್ಲ, ನಿನಗೂ ಇದು ರಕ್ಷಣೆ ಅಂದ ಮೇಲೆ ಬಂದ.

ಕಂತುಗಳಿಗೆ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದ. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳು. ಅದಕ್ಕೆ ಪ್ರತಿಯೊಂದನ್ನೂ ಆಯಾ ವಾರವೇ ಬ್ಯಾಂಕಿಗೆ ಹಾಕಿದೆ. ಒಂದು ಬೌನ್ಸ್ ಆಯಿತು. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು, ಆಮೇಲೆ ಕಟ್ಟಲು ಅವರಿಗೆ 15 ದಿನ ಸಮಯ ಇರುತ್ತದೆ. ನಾನು ಬ್ಯಾಂಕ್ ಕೊಟ್ಟ ಚೀಟಿಯ ಫೋಟೋವನ್ನು ಚಿಕ್ಕಪ್ಪನಿಗೆ ಕಳಿಸಿದೆ, ಜೊತೆಗೆ ನೋಟಿಸ್ ಕೊಡಲು ಕೊನೇ ದಿನ ಯಾವುದು ಅಂತಲೂ ಬರೆದೆ. ಆ ದಿನಕ್ಕೆ ಮುಂಚೆಯೇ ದುಡ್ಡು ಖಾತೆಗೆ ಬಂತು. ಬೌನ್ಸ್ ಆದ ಚೆಕ್ ವಾಪಸ್ ಕೊಟ್ಟೆ. ಕೊನೆಯ ಕಂತು ಮುಗಿದ ಮೇಲೆ 'ಇನ್ನೇನೂ ಬಾಕಿ ಇಲ್ಲ' ಅಂತ ರಸೀದಿ ಬರೆದು, ಸಹಿ ಹಾಕಿ ಅಣ್ಣನಿಗೆ ಕೊಟ್ಟೆ. ಒಂದು ಪ್ರತಿ ಚಿಕ್ಕಪ್ಪನ ಹತ್ತಿರ ಇದೆ. ಅತ್ತಿಗೆ ಜೊತೆಗಿನ ಜಗಳ ಇನ್ನೂ ಹಾಗೇ ಇದೆ.