ಕೋಳಿಗೂಡಿಗೆ ಇಲಿ, ಹೆಗ್ಗಣ ಬಾರದಂತೆ ಮಾಡುವುದು ಹೇಗೆ?

ಗದ್ದೆಯಲ್ಲಿ ತೆನೆ ನಿಂತಿರುವಷ್ಟು ದಿನ ಇಲಿಗಳಿಗೆ ಮನೆಯ ಕಡೆ ಕೆಲಸವಿಲ್ಲ. ಕುಯ್ಲು ಮುಗಿದು ಗದ್ದೆ ಬರಿದಾದರೆ ಬದುವಿನ ಬಿಲ ಬಿಟ್ಟು ಕಣಕ್ಕೆ, ಕಣದಿಂದ ಕೊಟ್ಟಿಗೆಗೆ, ಅಲ್ಲಿಂದ ಕೋಳಿಗೂಡಿಗೆ ಬರುತ್ತವೆ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಮೊಟ್ಟೆ ಸಿಗುತ್ತಿಲ್ಲ, ಮರಿ ಉಳಿಯುತ್ತಿಲ್ಲ ಎಂಬ ಮಾತು ಶುರುವಾಗುವುದೂ ಆಗಲೇ. ಅಷ್ಟು ಹೊತ್ತಿಗೆ ಎಚ್ಚೆತ್ತು ಅಂಗಡಿಗೆ ಓಡಿ ಪಾಷಾಣ ತರುವವರೇ ಹೆಚ್ಚು. ದೀಪಾವಳಿ ಕಳೆದ ಕೂಡಲೇ, ನೆಲ ಇನ್ನೂ ಮೆದುವಾಗಿರುವಾಗ, ಕೆಲಸ ಹಿಡಿದರೆ ಪಾಷಾಣದ ಮಾತೇ ಬರುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇಲಿ ಬರುವುದು ಕೋಳಿಗಲ್ಲ, ಕೋಳಿಯ ಮೇವಿಗೆ. ಮೊಟ್ಟೆ, ಮರಿಗೆ ಬಾಯಿ ಹಾಕುವುದು ಅಲ್ಲಿ ನೆಲೆಯೂರಿದ ಮೇಲೆ. ಆದ್ದರಿಂದ ಈ ಕೆಲಸಗಳನ್ನು ಇದೇ ಸರದಿಯಲ್ಲಿ ಮಾಡಿ, ಹಿಂದುಮುಂದು ಮಾಡಬೇಡಿ.

ಮೊದಲು ಮೇವು

ಮೊಟ್ಟೆಯಿಡುವ ಒಂದು ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು ಸಾಕು. ತೋಟದಲ್ಲಿ ಕೆದಕಿ ತಿನ್ನುವ ನಾಟಿ ಕೋಳಿಗೆ ಅಷ್ಟೂ ಬೇಡ. ಅಂದಾಜಿಗೆ ಸುರಿಯದೆ ಒಂದು ಡಬ್ಬಿಯಲ್ಲಿ ಅಳೆದು ಹಾಕಿ. ಬೆಳಿಗ್ಗೆ ಒಂದು ಪಾಲು, ಸಂಜೆ ನಾಲ್ಕರ ಹೊತ್ತಿಗೆ ಇನ್ನೊಂದು ಪಾಲು. ಕೋಳಿ ಗೂಡು ಸೇರುವಾಗ ತಟ್ಟೆ ಖಾಲಿಯಾಗಿರಬೇಕು. ಉಳಿದಿದ್ದರೆ ಎತ್ತಿ ಒಳಗಿಡಿ, ಮಾರನೆಯ ದಿನ ಅಷ್ಟು ಕಡಿಮೆ ಹಾಕಿ. ನೀರಿನ ಪಾತ್ರೆಯನ್ನೂ ಕವುಚಿಡಿ, ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ.

ಮೇವಿನ ಚೀಲಕ್ಕೆ ತಗಡಿನ ಡ್ರಮ್ಮೇ ಆಗಬೇಕು. ಪ್ಲಾಸ್ಟಿಕ್ ಡ್ರಮ್ ಅಗ್ಗವೆಂದು ತರುತ್ತಾರೆ, ಮುಚ್ಚಳದ ಅಂಚನ್ನು ಹೆಗ್ಗಣ ಒಂದೇ ರಾತ್ರಿಯಲ್ಲಿ ಕಡಿದುಹಾಕುತ್ತದೆ. ಡ್ರಮ್ಮನ್ನು ಗೋಡೆಗೆ ತಾಗಿಸದೆ, ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ. ಮಳೆಗಾಲದಲ್ಲಿ ತಗಡು ಒಳಗೆ ಬೆವರುತ್ತದೆ, ಮೇವಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮೇವನ್ನು ಡ್ರಮ್ಮಿಗೆ ಸುರಿಯಬೇಡಿ, ಚೀಲ ಸಮೇತ ಇಳಿಸಿ.

ಇರುವ ಇಲಿಯನ್ನು ಹಿಡಿಯುವುದು

ಇಲಿ ಒಳಗಿರುವಾಗಲೇ ಗೂಡನ್ನು ಭದ್ರ ಮಾಡಿದರೆ ಅದನ್ನು ಒಳಗಿಟ್ಟು ಬಾಗಿಲು ಹಾಕಿದಂತಾಯಿತು. ಸುತ್ತಲಿನ ಬಿಲಗಳ ಬಾಯಿಗೆ ಸಂಜೆ ಹಳೆಯ ಪೇಪರ್ ಉಂಡೆ ತುರುಕಿ ಮೇಲೆ ಸ್ವಲ್ಪ ಮಣ್ಣು ಮೆತ್ತಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಬಾಯಲ್ಲಿ ಬುಟ್ಟಿಯಷ್ಟು ಹೊಸ ಮಣ್ಣು ಗುಡ್ಡೆಯಾಗಿದ್ದರೆ ಅದು ಹೆಗ್ಗಣದ್ದು.

ಬೋನನ್ನು ಆ ಬಿಲ ಮತ್ತು ಗೂಡಿನ ನಡುವೆ, ಗೋಡೆಗೆ ಒತ್ತಿಕೊಂಡಂತೆ ಇಡಿ. ಇಲಿ ಬಯಲಲ್ಲಿ ಓಡಾಡುವುದಿಲ್ಲ, ಗೋಡೆಯ ಅಂಚು ಹಿಡಿದೇ ಹೋಗುತ್ತದೆ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನವೂ ಜಾಸ್ತಿ. ಮೂರ್ನಾಲ್ಕು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರೋ ಒಣಮೀನೋ ಇಟ್ಟು ತಿನ್ನಲು ಬಿಡಿ. ಆಮೇಲೆ ಬಾಗಿಲು ಹೂಡಿ. ಮೊದಲ ದಿನವೇ ಹೂಡಿ, ಬೀಳಲಿಲ್ಲವೆಂದು ಬೋನನ್ನು ಅಟ್ಟಕ್ಕೆ ಎಸೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಅಂಟಿನ ಹಲಗೆ ಬೇಡವೇ ಬೇಡ. ಅದರಲ್ಲಿ ಕೋಳಿಮರಿ ಸಿಕ್ಕಿಕೊಳ್ಳುತ್ತದೆ, ಹಲ್ಲಿ, ಹಾವು ಸಿಕ್ಕಿಕೊಳ್ಳುತ್ತವೆ. ಸಿಕ್ಕ ಇಲಿಯೂ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಸದ್ದಿನ ಯಂತ್ರಕ್ಕೆ ದುಡ್ಡು ಹಾಕಬೇಡಿ, ಇಲಿ ಆ ಸದ್ದಿಗೆ ಬೇಗನೆ ಒಗ್ಗಿಕೊಳ್ಳುತ್ತದೆ.

ಪಾಷಾಣದ ಮಾತು. ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳನ್ನು ಕೋಳಿಯೂ ತಿಂದು ಸಾಯುತ್ತದೆ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ತೂಕಡಿಸಿಕೊಂಡು ಓಡಾಡುತ್ತದೆ. ಅದನ್ನು ಬೆಕ್ಕು ಹಿಡಿಯುತ್ತದೆ, ಗೂಬೆ ಹಿಡಿಯುತ್ತದೆ, ಚಿಟ್ಟಿಲಿಯಾದರೆ ಕೋಳಿಯೇ ಕುಕ್ಕಿ ನುಂಗುತ್ತದೆ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟನ್ನಂತೂ ಮಕ್ಕಳಿರುವ ಮನೆಗೆ ತರಲೇಬೇಡಿ. ಅದರ ವಿಷಕ್ಕೆ ಪ್ರತ್ಯೌಷಧವಿಲ್ಲ.

ಎಲ್ಲರೂ ಎಡವುವ ಜಾಗ: ಜಾಲರಿ

“ಮೆಶ್ ಹೊಡೆಸಿದ್ರೂ ಇಲಿ ನಿಂತಿಲ್ಲ ಮಾರಾಯ್ರೆ” ಎನ್ನುವವರ ಗೂಡು ನೋಡಿದರೆ ಎರಡರಲ್ಲಿ ಒಂದು ತಪ್ಪು ಇದ್ದೇ ಇರುತ್ತದೆ. ಒಂದು, ಆರು ಮೂಲೆಯ ಕಣ್ಣಿನ ಕೋಳಿ ಮೆಶ್. ಅದು ಕೋಳಿ ಹೊರಗೆ ಹೋಗದಂತೆ ತಡೆಯುವುದಕ್ಕೆ ಮಾತ್ರ. ಅದರ ಕಣ್ಣಿನಲ್ಲಿ ಇಲಿಮರಿ ನುಸುಳುತ್ತದೆ, ತೆಳು ತಂತಿಯನ್ನು ದೊಡ್ಡ ಇಲಿ ಕಡಿಯುತ್ತದೆ. ಅರ್ಧ ಇಂಚು ಚೌಕದ, ಬೆಸುಗೆ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್ಶೇ ಕೇಳಿ ತನ್ನಿ. ಮರಿ ಸಾಕುವ ಗೂಡಾದರೆ ಚಿಟ್ಟಿಲಿಯೂ ನುಗ್ಗದಂತೆ ಕಾಲು ಇಂಚಿನದು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು: ಜಾಲರಿಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿಬಿಡುವುದು. ಹೆಗ್ಗಣಕ್ಕೆ ಅಡಿಯಿಂದ ತೋಡುವುದು ಒಂದು ರಾತ್ರಿಯ ಕೆಲಸ. ಹೀಗೆ ಮಾಡಿ. ಗೂಡಿನ ಸುತ್ತ, ಹೊರಗಡೆ, ಒಂದಡಿ ಆಳ, ಒಂದಡಿ ಅಗಲದ ಚರಂಡಿ ತೆಗೆಯಿರಿ. ಮೂರಡಿ ಅಗಲದ ಜಾಲರಿ ತೆಗೆದುಕೊಂಡು ಮೇಲಿನ ಒಂದಡಿಯನ್ನು ಗೂಡಿನ ಚೌಕಟ್ಟಿಗೆ ಬಿಗಿಯಿರಿ. ನಡುವಿನ ಒಂದಡಿ ನೆಲದೊಳಗೆ ನೇರ ಇಳಿಯಲಿ. ಕೊನೆಯ ಒಂದಡಿಯನ್ನು ಚರಂಡಿಯ ತಳದಲ್ಲಿ ಹೊರಕ್ಕೆ ಮಡಚಿ ಹಾಸಿ. ಹೊರಕ್ಕೆ, ಒಳಕ್ಕಲ್ಲ. ಇಲಿ ತೋಡಲು ಶುರುಮಾಡುವುದು ಗೋಡೆಯ ಬುಡದಲ್ಲೇ. ತಂತಿ ಅಡ್ಡ ಸಿಕ್ಕಾಗ ಎಡಕ್ಕೆ ಬಲಕ್ಕೆ ತೋಡಿ ನೋಡುತ್ತದೆ, ಒಂದಡಿ ಹಿಂದೆ ಸರಿದು ಅಲ್ಲಿಂದ ತೋಡುವ ಯೋಚನೆ ಅದಕ್ಕೆ ಬರುವುದಿಲ್ಲ. ಒಳಕ್ಕೆ ಮಡಚಿದರೆ ಈ ಲಾಭ ಹೋಯಿತು.

ಎರಡು ತುಂಡು ಸೇರುವಲ್ಲಿ ನಾಲ್ಕು ಇಂಚು ಒಂದರ ಮೇಲೊಂದು ಬರಲಿ. ಗೇಣಿಗೊಂದು ಕಡೆ ಕಟ್ಟುತಂತಿಯಿಂದ ಬಿಗಿದು ತುದಿಯನ್ನು ಹೊರಗೆ ಮಡಚಿ, ಇಲ್ಲವಾದರೆ ಕೋಳಿಯ ಕಾಲಿಗೆ ಗೀರುತ್ತದೆ. ಚೌಕಟ್ಟಿಗೆ ಬರೀ ಮೊಳೆ ಸಾಲದು; ಜಾಲರಿಯ ಮೇಲೆ ಮರದ ಪಟ್ಟಿ ಇಟ್ಟು ಪಟ್ಟಿಗೆ ಮೊಳೆ ಹೊಡೆಯಿರಿ. ಚರಂಡಿಯನ್ನು ಮೊದಲು ಜಲ್ಲಿಯಿಂದ, ಮೇಲೆ ಮಣ್ಣಿನಿಂದ ಮುಚ್ಚಿ ದಮ್ಮಸು ಮಾಡಿ.

ಅರಸೀಕೆರೆ, ಚನ್ನರಾಯಪಟ್ಟಣದ ಒಣ ನೆಲದಲ್ಲಿ ಈ ಜಾಲರಿ ಹಲವು ವರ್ಷ ಬಾಳುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆಗೆ ಹೂತ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಹೂಳುವ ಭಾಗಕ್ಕೆ ಟಾರು ಬಳಿಯುವುದು ಒಂದು ದಾರಿ. ನಾನು ಹೇಳುವುದು, ಕೈಯಲ್ಲಿ ದುಡ್ಡಿದ್ದರೆ ಗೂಡಿನ ತಳಕ್ಕೆ ಮೂರು ಇಂಚು ಕಾಂಕ್ರೀಟ್ ಹಾಕಿಸಿಬಿಡಿ. ಬಂಡೆ ಸಿಕ್ಕಿ ಅಗೆಯಲಾಗದ ಕಡೆ ಜಾಲರಿಯನ್ನು ಎರಡಡಿ ಹೊರಕ್ಕೆ ನೆಲದ ಮೇಲೇ ಹಾಸಿ ಕಲ್ಲು ಹೇರಿ. ಹುಲ್ಲು ಬೆಳೆದು ಅದೇ ಹಿಡಿದುಕೊಳ್ಳುತ್ತದೆ.

ಮೇಲಿನಿಂದ ಬರುವ ದಾರಿ

ಹೆಗ್ಗಣ ತೋಡುತ್ತದೆ, ಮನೆ ಇಲಿ ಹತ್ತುತ್ತದೆ. ಗೂಡಿನ ಮೇಲೆ ಬಾಗಿದ ಸಿಲ್ವರ್ ಓಕ್ ಕೊಂಬೆ, ಕಾಫಿ ಗಿಡದ ರೆಂಬೆಗಳನ್ನು ನಾಲ್ಕಡಿ ದೂರಕ್ಕೆ ಕಡಿಯಿರಿ. ಶೀಟಿನ ಮಾಡಾದರೆ, ಗೋಡೆಯ ಮೇಲೆ ಶೀಟು ಕೂರುವಲ್ಲಿ ಅಲೆ ಅಲೆಯಾಗಿ ಸಂದು ಉಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿ, ಆ ಸಂದಿನ ಅಂಚು ಕಪ್ಪಾಗಿ ಜಿಡ್ಡುಜಿಡ್ಡಾಗಿದ್ದರೆ ಇಲಿಯ ಮೈ ಉಜ್ಜಿ ಉಜ್ಜಿ ಆದದ್ದು. ಒಂದೊಂದು ಅಲೆಗೂ ಜಾಲರಿ ಉಂಡೆ ಮಾಡಿ ತುರುಕಿ ಸಿಮೆಂಟ್ ಮೆತ್ತಿ. ಕಂಬದ ಮೇಲಿನ ಗೂಡಾದರೆ, ತೆಂಗಿನ ಮರಕ್ಕೆ ಸುತ್ತುವ ತಗಡನ್ನೇ ಕಂಬಗಳಿಗೂ ಸುತ್ತಿಸಿ. ಬಾಗಿಲಿನ ಬುಡಕ್ಕೆ ತಗಡು ಹೊಡೆಯಿರಿ. ಕೆಳಗಿನ ಸಂದಿನಲ್ಲಿ ಕಿರುಬೆರಳು ತೂರಬಾರದು.

ಕೈ, ಕಾಲು ಜೋಪಾನ

ಇಲಿ ಜ್ವರದ ರೋಗಾಣು ಇಲಿಯ ಮೂತ್ರದಲ್ಲಿರುತ್ತದೆ, ಒದ್ದೆ ನೆಲದಿಂದ ಕಾಲಿನ ಗಾಯ, ಬಿರುಕುಗಳ ಮೂಲಕ ಮೈ ಸೇರುತ್ತದೆ. ಬಿಲ ಮುಚ್ಚುವಾಗ, ಗೂಡು ತೊಳೆಯುವಾಗ ಗಂಬೂಟು, ಕೈಗವಸು ಇರಲಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಇಲಿ ಇದ್ದ ಜಾಗದಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಮೊದಲ ಜೋರು ಮಳೆ ಆದ ಮೇಲೆ ಗೂಡಿನ ಸುತ್ತ ಒಂದು ಸುತ್ತು ಹಾಕಿ. ಮುಚ್ಚಿದ ಚರಂಡಿಯ ಮಣ್ಣು ಅಲ್ಲಲ್ಲಿ ಕುಸಿದಿರುತ್ತದೆ, ಅಲ್ಲಿ ಮತ್ತೆ ಜಲ್ಲಿ ತುಂಬಿ ದಮ್ಮಸು ಮಾಡಿ.