ಸಿಡಿ4 ವರದಿ ಓದುವುದು ಹೇಗೆ?

ಎಚ್‌ಐವಿ ಸೋಂಕಿತರ ರಕ್ತಪರೀಕ್ಷೆಯ ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದ ಅಂಕಿ ಎರಡು: ಸಿಡಿ4 ಮತ್ತು ವೈರಲ್ ಲೋಡ್. ಮೊದಲನೆಯದು ಏರಬೇಕು, ಎರಡನೆಯದು ಇಳಿಯಬೇಕು.

ಮೊದಲು ಸಿಡಿ4 ನೋಡಿ. ಇದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಸೋಂಕು ಹೊಕ್ಕಾಗ, ತಮಟೆ ಬಾರಿಸಿ ಊರನ್ನೆಬ್ಬಿಸುವವನಂತೆ, ಉಳಿದ ಕಣಗಳನ್ನು ಕಾದಾಟಕ್ಕೆ ಎಬ್ಬಿಸುವುದು ಇದರ ಕೆಲಸ. ಎಚ್‌ಐವಿ ಹಿಡಿಯುವುದು ಇದನ್ನೇ. ಒಳನುಗ್ಗಿದ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬದಲಿಸಿ ಕಣದ ಡಿಎನ್‌ಎಯೊಳಗೇ ಸೇರಿಕೊಳ್ಳುತ್ತದೆ. ಆಮೇಲೆ ಆ ಕಣವೇ ಹೊಸ ವೈರಸ್‌ಗಳನ್ನು ತಯಾರಿಸಿಕೊಟ್ಟು ಸಾಯುತ್ತದೆ. ಸತ್ತ ಕಣಗಳ ಜಾಗಕ್ಕೆ ದೇಹ ಹೊಸದನ್ನು ಹುಟ್ಟಿಸುತ್ತಲೇ ಇರುವುದರಿಂದ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ‘ನೋಡಿದರೆ ಚೆನ್ನಾಗೇ ಇದ್ದಾನಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಅಂಕಿಯನ್ನು ಹೋಲಿಸಿ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 500ರಿಂದ 1,500 ಸಿಡಿ4 ಕಣಗಳಿರುತ್ತವೆ. 200ಕ್ಕಿಂತ ಕೆಳಗಿಳಿದರೆ ಏಡ್ಸ್. ಬಾಯಿಯ ಬಿಳಿ ಅಗ್ರ, ಸರ್ಪಸುತ್ತು ಅದಕ್ಕೂ ಮುಂಚೆಯೇ ಕಾಣಿಸಿಕೊಳ್ಳಬಹುದು. 200ರ ಕೆಳಗೆ ಒಂದು ಬಗೆಯ ಶಿಲೀಂಧ್ರದ ನ್ಯುಮೋನಿಯಾ, 100ರ ಕೆಳಗೆ ಮಿದುಳಿನ ಪೊರೆಯ ಸೋಂಕು. ಕ್ಷಯ ಮಾತ್ರ ಅಂಕಿ ಎಷ್ಟಿದ್ದರೂ ಬರಬಹುದು, ಕೆಮ್ಮನ್ನು ಕಡೆಗಣಿಸಬೇಡಿ. ಸಾಮಾನ್ಯ ಜ್ವರದಲ್ಲೂ ಸಿಡಿ4 ಕೊಂಚ ಇಳಿಯುವುದರಿಂದ ಒಂದೇ ವರದಿ ಹಿಡಿದು ಕಂಗಾಲಾಗಬೇಡಿ.

ಬಳಿಕ ವೈರಲ್ ಲೋಡ್. ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕವಿದು. ಎಚ್‌ಐವಿಗೆ ಕೊಡುವ ಗುಳಿಗೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸಿಡಿ4ಗಿಂತ ಇದೇ ಚೆನ್ನಾಗಿ ಹೇಳುತ್ತದೆ. ಗುಳಿಗೆ ತಪ್ಪಿಸದೆ ವೈರಸ್ಸನ್ನು ಪರೀಕ್ಷೆಯಲ್ಲಿ ಪತ್ತೆಯಾಗದ ಮಟ್ಟದಲ್ಲೇ ಇಟ್ಟುಕೊಂಡವರಿಂದ ಲೈಂಗಿಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಇದು ಇನ್ನೂ ಬಹಳ ಮನೆಗಳಿಗೆ ತಲುಪಿಲ್ಲ.

ಗುಳಿಗೆ ತಪ್ಪಿಸಬೇಡಿ. 2017ರಿಂದ ನಮ್ಮ ದೇಶದಲ್ಲಿ ಸಿಡಿ4 ಎಷ್ಟಿದ್ದರೂ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಗುಳಿಗೆಗಳ ಚಿಕಿತ್ಸೆ ಶುರುಮಾಡುತ್ತಾರೆ. ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. ಕೆಲವು ಕಣಗಳಲ್ಲಿ ವೈರಸ್ ಅಡಗಿ ಕುಳಿತಿರುವುದರಿಂದ, ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಹೆಚ್ಚುತ್ತದೆ. ಪರಿಚಯದವರು ಕಂಡಾರೆಂದು ಮಂಡ್ಯದ ಮಿಮ್ಸ್ ಆಸ್ಪತ್ರೆ ಬಿಟ್ಟು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಬಸ್ ಹತ್ತುವವರಿದ್ದರೆ ಅದು ತಪ್ಪೇನಲ್ಲ. ಆದರೆ ಸುಗ್ಗಿ, ಹಬ್ಬ, ಕಬ್ಬು ಕಡಿತ ಬಂದಾಗ ಆ ಪ್ರಯಾಣವೇ ತಪ್ಪುತ್ತದೆ, ಜೊತೆಗೆ ಗುಳಿಗೆಯೂ. ಅಂಥವರು ಹತ್ತಿರದ ಕೇಂದ್ರಕ್ಕೆ ವರ್ಗಾವಣೆ ಕೇಳಬಹುದು. ವಿವರಕ್ಕೆ ಉಚಿತ ಸಹಾಯವಾಣಿ 1097.