ಲ್ಯೂವೆನ್‌ನಲ್ಲಿ ತತ್ವಶಾಸ್ತ್ರ ಪಿಎಚ್.ಡಿ.: ತಯಾರಿ ಹೇಗೆ?

ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ವಿದೇಶದಲ್ಲಿ ಸಂಶೋಧನೆ ಮಾಡಬೇಕೆಂದು ಹುಡುಕುವವರಿಗೆ ಬೆಲ್ಜಿಯಂನ ಕೆಯು ಲ್ಯೂವೆನ್ ಹೆಸರು ಬೇಗನೆ ಎದುರಾಗುತ್ತದೆ. 1425ರಲ್ಲಿ ಆರಂಭವಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಅದು. ಕ್ಯಾಥೊಲಿಕ್ ಎಂದ ಕೂಡಲೇ ಹಲವರು ಹಿಂದೇಟು ಹಾಕುತ್ತಾರೆ. ಕ್ರೈಸ್ತರಲ್ಲದವರನ್ನು ಸೇರಿಸಿಕೊಳ್ಳುತ್ತಾರಾ, ಬೈಬಲ್ ಓದಬೇಕಾ ಎಂದು ಕೇಳುತ್ತಾರೆ. ಸೇರಿಸಿಕೊಳ್ಳುತ್ತಾರೆ. ನಿಮ್ಮ ವಿಷಯಕ್ಕೆ ಬೇಕಾದರೆ ಬೈಬಲ್ ಓದುತ್ತೀರಿ, ಇಲ್ಲದಿದ್ದರೆ ಇಲ್ಲ.

ಅಲ್ಲಿನ ತತ್ವಶಾಸ್ತ್ರ ಸಂಸ್ಥೆಯನ್ನು 1889ರಲ್ಲಿ ಕಟ್ಟಿದವರು ಮುಂದೆ ಕಾರ್ಡಿನಲ್ ಆದ ದೆಸಿರೆ ಮರ್ಸಿಯೆ. ಮಧ್ಯಯುಗದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸನ ಚಿಂತನೆಗೆ ಮರುಜೀವ ಕೊಡಬೇಕೆಂಬ ಪೋಪ್ 13ನೇ ಲಿಯೋ ಅವರ ಆಸೆ ಅದರ ಹಿಂದಿತ್ತು. ಆದರೆ ಇಂದು ಆ ಸಂಸ್ಥೆ ಜಗತ್ತಿಗೆ ಗೊತ್ತಿರುವುದು ಇನ್ನೊಂದು ಕಾರಣಕ್ಕೂ ಹೌದು. 1938ರಲ್ಲಿ ಜರ್ಮನ್ ದಾರ್ಶನಿಕ ಎಡ್ಮಂಡ್ ಹುಸರ್ಲ್ ತೀರಿಕೊಂಡಾಗ ಸುಮಾರು 40,000 ಪುಟಗಳ ಹಸ್ತಪ್ರತಿ ಉಳಿದಿತ್ತು. ಹುಸರ್ಲ್ ಯಹೂದಿ ಕುಟುಂಬದಲ್ಲಿ ಹುಟ್ಟಿ ಲೂಥರನ್ ಆದವರು. ನಾಜಿಗಳ ಕೈಗೆ ಸಿಕ್ಕಿದ್ದರೆ ಆ ರಾಶಿ ಉಳಿಯುತ್ತಿರಲಿಲ್ಲ. ಹರ್ಮನ್ ವಾನ್ ಬ್ರೆಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಅದನ್ನು ಬೆಲ್ಜಿಯಂ ರಾಯಭಾರ ಕಚೇರಿಯ ಮೂಲಕ ಲ್ಯೂವೆನ್‌ಗೆ ಸಾಗಿಸಿದರು. ಹುಸರ್ಲ್ ಸಂಗ್ರಹಾಲಯ ಇವತ್ತಿಗೂ ಅಲ್ಲೇ ಇದೆ. ಬಹುಪಾಲು ಪುಟಗಳು ಶೀಘ್ರಲಿಪಿಯಲ್ಲಿರುವುದರಿಂದ ಅದನ್ನು ಓದಲು ಕಲಿತವರೇ ಬೇಕು.

ಪದವಿ ಯಾವುದೆಂದು ಮೊದಲು ನೋಡಿ

ಕ್ಯಾಥೊಲಿಕ್ ಸಂಸ್ಥೆಗಳು ಕೊಡುವ ಡಾಕ್ಟರೇಟ್‌ನಲ್ಲಿ ಎರಡು ಬಗೆ. ಒಂದು, ವ್ಯಾಟಿಕನ್ ಅಧಿಕಾರದಡಿ ಕೊಡುವ ಚರ್ಚ್ ಪದವಿ. ಇದರಲ್ಲಿ ಮೂರು ವರ್ಷದ ಬ್ಯಾಕಲೋರಿಯೇಟ್ (ಪದವಿ ಮಟ್ಟ), ಎರಡು ವರ್ಷದ ಲೈಸೆನ್ಷಿಯೇಟ್ (ಸ್ನಾತಕೋತ್ತರ ಮಟ್ಟ), ಅದಾದ ಮೇಲೆ ಡಾಕ್ಟರೇಟ್. ಲ್ಯಾಟಿನ್ ಕಲಿಯಲೇಬೇಕು. ಇನ್ನೊಂದು, ಆಯಾ ದೇಶದ ಸರ್ಕಾರ ಮಾನ್ಯ ಮಾಡುವ ಸಾಮಾನ್ಯ ಪಿಎಚ್.ಡಿ.

ಎರಡಕ್ಕೂ ಉದಾಹರಣೆ ಬೆಂಗಳೂರಿನಲ್ಲೇ ಅಕ್ಕಪಕ್ಕದಲ್ಲಿದೆ. ಧರ್ಮಾರಾಮ್ ವಿದ್ಯಾಕ್ಷೇತ್ರ ಕೊಡುವುದು ಚರ್ಚ್ ಪದವಿ. ಪಕ್ಕದ ಕ್ರೈಸ್ಟ್ ವಿಶ್ವವಿದ್ಯಾಲಯ ಕೊಡುವುದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪದವಿ. ಎರಡನ್ನೂ ನಡೆಸುವುದು ಸಿಎಂಐ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಭೆಯೇ. ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್.ಡಿ.ಗೆ ಬರುವವರಿಗೆ ಅದರಲ್ಲಿ ಶೇ 55 ಅಂಕ ಬೇಕು (ಮೀಸಲು ವರ್ಗದವರಿಗೆ ರಿಯಾಯಿತಿ ಇದೆ), ಅವಧಿ ಕನಿಷ್ಠ ಮೂರು ವರ್ಷ. ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಈ ವ್ಯತ್ಯಾಸವನ್ನು ಅರ್ಜಿ ಹಾಕುವ ಮೊದಲೇ ಕೇಳಿ ತಿಳಿಯಿರಿ. ಲ್ಯೂವೆನ್‌ನದು ಸರ್ಕಾರಿ ಮಾನ್ಯತೆಯ ಪಿಎಚ್.ಡಿ.

ಇನ್ನೊಂದು ಎಚ್ಚರಿಕೆ. 1968ರ ಭಾಷಾ ಜಗಳದಲ್ಲಿ ಈ ವಿಶ್ವವಿದ್ಯಾಲಯ ಎರಡಾಯಿತು. ಡಚ್ ಭಾಗ ಲ್ಯೂವೆನ್‌ನಲ್ಲೇ ಉಳಿಯಿತು, ಫ್ರೆಂಚ್ ಭಾಗ ಲೂವೇನ್-ಲಾ-ನವ್ ಎಂಬ ಹೊಸ ಊರಿಗೆ ಹೋಯಿತು. ಎರಡರಲ್ಲೂ ತತ್ವಶಾಸ್ತ್ರವಿದೆ, ಹೆಸರೂ ಹೆಚ್ಚುಕಡಿಮೆ ಒಂದೇ. ಯಾವ ವೆಬ್‌ಸೈಟಿನಲ್ಲಿದ್ದೀರೆಂದು ನೋಡಿಕೊಂಡು ಅರ್ಜಿ ತುಂಬಿ. ಇಂಗ್ಲಿಷಿನಲ್ಲಿ ಸಂಶೋಧನೆ ಮಾಡುವವರು ಹೆಚ್ಚಾಗಿ ಹೋಗುವುದು ಮೊದಲನೆಯದಕ್ಕೆ.

ಪ್ರಶ್ನೆಯನ್ನು ಕಿರಿದು ಮಾಡುವುದು

ನಿಜವಾದ ಕೆಲಸ ಇಲ್ಲಿದೆ, ಆರು ತಿಂಗಳಾದರೂ ಇದಕ್ಕೆ ಕೊಡಿ. 'ಭಾರತೀಯ ಮತ್ತು ಪಾಶ್ಚಾತ್ಯ ದರ್ಶನಗಳಲ್ಲಿ ಕಾಲ: ಒಂದು ತೌಲನಿಕ ಅಧ್ಯಯನ' ಎಂಬಂಥ ಶೀರ್ಷಿಕೆಗಳು ನಮಗೆ ರೂಢಿ. ಇದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ.

ಇದನ್ನೇ ಹೀಗೆ ಯೋಚಿಸಿ. ಆಲಾಪನೆ ಕೇಳುತ್ತಿದ್ದೀರಿ. ಈ ಗಳಿಗೆಯಲ್ಲಿ ಕಿವಿಗೆ ಬೀಳುತ್ತಿರುವುದು ಒಂದು ಸ್ವರ. ಆದರೆ ನಿಮಗೆ ಕೇಳಿಸುತ್ತಿರುವುದು ರಾಗ. ಈಗಷ್ಟೇ ಸರಿದುಹೋದ ಸ್ವರವನ್ನು ಪ್ರಜ್ಞೆ ಇನ್ನೂ ಬಿಟ್ಟುಕೊಟ್ಟಿಲ್ಲ. ಹುಸರ್ಲ್ ಪ್ರಕಾರ ಈ ಹಿಡಿತ ನೆನಪಲ್ಲ, ಕೇಳುವ ಅನುಭವದ್ದೇ ಒಂದು ಭಾಗ. ನಿನ್ನೆಯ ಕಛೇರಿಯನ್ನು ಇವತ್ತು ನೆನೆಯುವುದು ಬೇರೆ. ನ್ಯಾಯದರ್ಶನದ ಪಂಡಿತರಾದ ನೈಯಾಯಿಕರಿಗೆ ಸ್ಮೃತಿ (ನೆನಪು) ಎಂದರೆ ಸಂಸ್ಕಾರದಿಂದ, ಅಂದರೆ ಹಿಂದಿನ ಅನುಭವ ಒಳಗೆ ಬಿಟ್ಟ ಗುರುತಿನಿಂದ, ಹುಟ್ಟುವ ಜ್ಞಾನ. ಅದನ್ನು ಅವರು ಪ್ರಮೆಯೆಂದು, ಅಂದರೆ ಪ್ರಮಾಣಸಿದ್ಧ ಜ್ಞಾನವೆಂದು, ಒಪ್ಪುವುದಿಲ್ಲ. ಹಾಗಾದರೆ ಈಗಷ್ಟೇ ಸರಿದ ಸ್ವರವನ್ನು ಅವರು ಪ್ರತ್ಯಕ್ಷಕ್ಕೆ (ಇಂದ್ರಿಯದಿಂದ ನೇರವಾಗಿ ಬರುವ ಅರಿವಿಗೆ) ಸೇರಿಸುತ್ತಾರೋ ಸ್ಮೃತಿಗೋ? ಎಲ್ಲಿಗೆ ಸೇರಿಸಿದರೂ ಯಾವ ತೊಡಕು ಬರುತ್ತದೆ? ಈಗ ಪ್ರಶ್ನೆ ಸಿಕ್ಕಿತು.

ಸಂಶೋಧನಾ ಪ್ರಸ್ತಾವ ಇದರ ಮೇಲೆ ನಿಲ್ಲಬೇಕು. ಯಾವ ಗ್ರಂಥದ ಯಾವ ಭಾಗ ಓದುತ್ತೀರಿ, ಈವರೆಗೆ ಯಾರು ಏನು ಹೇಳಿದ್ದಾರೆ, ಅವರು ಎಲ್ಲಿ ನಿಲ್ಲಿಸಿದ್ದಾರೆ, ನಿಮ್ಮ ವಾದವೇನು, ಯಾವ ವರ್ಷ ಏನು ಮುಗಿಸುತ್ತೀರಿ, ಇಷ್ಟನ್ನು ಬರೆಯಿರಿ. ದೊಡ್ಡ ಹೆಸರುಗಳನ್ನು ಪೋಣಿಸಿದ ಪ್ರಸ್ತಾವ ಮೊದಲ ಪುಟದಲ್ಲೇ ಸೋಲುತ್ತದೆ.

ಗೈಡ್, ಭಾಷೆ, ಹಣ

ನಾವು ಗೈಡ್ ಎನ್ನುವವರನ್ನು ಅಲ್ಲಿ ಪ್ರಮೋಟರ್ ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ಕೆಲಸ ಮಾಡುವ ಪ್ರಾಧ್ಯಾಪಕರು ಒಪ್ಪದಿದ್ದರೆ ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ದಾರಿ ಕಷ್ಟ. ಅವರ ಎರಡು ಲೇಖನಗಳನ್ನಾದರೂ ಪೂರ್ತಿ ಓದಿ, ಆಮೇಲೆ ಚಿಕ್ಕ ಮೇಲ್ ಬರೆಯಿರಿ: ನೀವು ಯಾರು, ಪ್ರಶ್ನೆಯೇನು, ಅವರ ಯಾವ ಮಾತಿಗೆ ಅದು ತಾಗುತ್ತದೆ. 'ರೆಸ್ಪೆಕ್ಟೆಡ್ ಸರ್' ಎಂದು ಹತ್ತು ಮಂದಿಗೆ ಒಂದೇ ಮೇಲ್ ಕಳಿಸಿದರೆ ಉತ್ತರ ಬರುವುದಿಲ್ಲ. ಪಿಎಚ್.ಡಿ.ಗೆ ಮುಂಚೆ ಅಲ್ಲೇ ಸಂಶೋಧನಾ ಸ್ನಾತಕೋತ್ತರ ಮಾಡಿಕೊಳ್ಳುವ ದಾರಿಯೂ ಇದೆ. ನಮ್ಮಲ್ಲಿ ಎಂ.ಎ. ಮಟ್ಟದಲ್ಲಿ ಮೂಲಗ್ರಂಥ ಓದಿಸುವುದು ಕಡಿಮೆಯಾಗಿರುವುದರಿಂದ ನನ್ನ ಸಲಹೆಯೂ ಅದೇ.

ಹುಸರ್ಲ್‌ಗೆ ಜರ್ಮನ್, ಅಕ್ವಿನಾಸನಿಗೆ ಲ್ಯಾಟಿನ್ ಬೇಕೇ ಬೇಕು. ಜರ್ಮನ್ ಕಲಿಯಲು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವಿದೆ. ಅರ್ಜಿ ಹಾಕುವ ಮೊದಲೇ ಶುರುಮಾಡಿ. ಸಂಸ್ಕೃತ ಬಲ್ಲವರು ಅದನ್ನು ಅರ್ಜಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಅದು ಅಲ್ಲಿ ಎಲ್ಲರಲ್ಲೂ ಸಿಗುವ ವಿದ್ಯೆಯಲ್ಲ.

ಪ್ರವೇಶ ಸಿಕ್ಕಿತೆಂದರೆ ಹಣ ಸಿಕ್ಕಿತೆಂದಲ್ಲ. ಎರಡಕ್ಕೂ ಬೇರೆ ಬೇರೆ ಅರ್ಜಿ. ಬೆಲ್ಜಿಯಂನ ಡಚ್ ಭಾಷಿಕ ಪ್ರದೇಶವಾದ ಫ್ಲಾಂಡರ್ಸ್‌ನ ಸಂಶೋಧನಾ ಪ್ರತಿಷ್ಠಾನ ನಾಲ್ಕು ವರ್ಷದ ಫೆಲೋಶಿಪ್ ಕೊಡುತ್ತದೆ, ಪೈಪೋಟಿ ಜೋರಾಗಿರುತ್ತದೆ, ಪ್ರಮೋಟರ್ ಜೊತೆ ಕೂತು ಅರ್ಜಿ ತಯಾರಿಸಬೇಕು. ಪ್ರಾಧ್ಯಾಪಕರ ಯೋಜನೆಗಳಲ್ಲಿ ಸಂಬಳದ ಹುದ್ದೆಗಳೂ ಆಗಾಗ ಬರುತ್ತವೆ. ಸ್ವಂತ ಸಾಲದ ಮೇಲೆ ನಾಲ್ಕು ವರ್ಷ ತತ್ವಶಾಸ್ತ್ರ ಮಾಡಬೇಡಿ. ಬೇಕಾದರೆ ಒಂದು ವರ್ಷ ಕಾದು ಮತ್ತೆ ಪ್ರಯತ್ನಿಸಿ. ವೀಸಾಕ್ಕೂ ಹಣದ ದಾಖಲೆ ಕೇಳುತ್ತಾರೆ. ಪದವಿ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ (ವಿದೇಶದಲ್ಲಿ ಒಪ್ಪಲು ಬೇಕಾದ ಸರ್ಕಾರಿ ದೃಢೀಕರಣ) ಹಾಕಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಪ್ರಬಂಧ ಮುಗಿದ ಮೇಲೆ ಪರೀಕ್ಷಕರ ಮಂಡಳಿಯ ಮುಂದೆ ಬಹಿರಂಗ ಸಮರ್ಥನೆ ನಡೆಯುತ್ತದೆ. ಊರಿಗೆ ಮರಳಿ ಪಾಠ ಮಾಡುವವರಿಗೆ ಒಂದು ಅನುಕೂಲವಿದೆ: ಯುಜಿಸಿಯ 2018ರ ನಿಯಮದಲ್ಲಿ, ಹೆಸರಿಸಿದ ಜಾಗತಿಕ ರ‍್ಯಾಂಕಿಂಗ್‌ಗಳಲ್ಲಿ ಮೊದಲ 500ರೊಳಗಿನ ವಿದೇಶಿ ವಿಶ್ವವಿದ್ಯಾಲಯದ ಪಿಎಚ್.ಡಿ. ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇಕಿಲ್ಲ. ಲ್ಯೂವೆನ್ ಆ ಪಟ್ಟಿಯಲ್ಲಿದೆ. ಪದವಿ ಪಡೆದ ವರ್ಷದ ರ‍್ಯಾಂಕಿಂಗ್ ಪುಟದ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.